ಆರೇ ಇಲಿ ಯಾಕ್ರಿ?

ಪ್ರಾಣಿ ಮ್ಯಾಲಿನ ಪ್ರಯೋಗಕ್ಕ ಪರ್ಮಿಶನ್ ಕೊಡೋ ಎಥಿಕ್ಸ್ ಕಮಿಟಿ ಅಂದ್ರ ರಿಸರ್ಚಿಗೆ ಅಡ್ಡಗಾಲು ಹಾಕೋ ಮಂದಿ ಅಂತ ನಮ್ಮ ಕಡೆ ಪಿಜಿ ಹುಡುಗ್ರು ತಿಳ್ಕೊಂಡುಬಿಟ್ಟಾರ. ನಾ ಕಲಬುರಗಿಯೊಳಗ ಅಂಥದ್ದೊಂದು ಕಮಿಟಿಗೆ ವೆಟರ್ನರಿ ಡಾಕ್ಟರ್ ಅಂತ ಕೂಡ್ತೀನಿ. ಬಂದ ಅರ್ಜಿ ಪೂರ್ತಿ ರಿಜೆಕ್ಟ್ ಆಗೋದು ಭಾಳ ಕಡಿಮಿ, ತಿದ್ದಿಕೊಂಡು ಬರ್ರಿ ಅಂತ ವಾಪಸ್ ಕಳ್ಸೋದೇ ಜಾಸ್ತಿ.

ಕಾನೂನು ಹಳೇದು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಅದರ ಕೆಳಗ 1998ರ ರೂಲ್ಸು. ಪ್ರಾಣಿ ಪ್ರಯೋಗದ ಮ್ಯಾಲ ನಿಗಾ ಇಡೋ ದಿಲ್ಲಿಯ ಸರ್ಕಾರಿ ಕಮಿಟಿ ಸಿಸಿಎಸ್‌ಇಎ ಹತ್ರ ಅನಿಮಲ್ ಹೌಸ್, ಅಂದ್ರ ಪ್ರಯೋಗದ ಪ್ರಾಣಿ ಇಡೋ ಜಾಗ, ರಿಜಿಸ್ಟರ್ ಆಗಿರಬೇಕು, ಇಲಿ ಮೊಲದಂಥ ಸಣ್ಣ ಪ್ರಾಣಿ ಇದ್ರ ನಮ್ಮ ಕಮಿಟಿನೇ ನೋಡ್ತದ, ನಾಯಿ ಮಂಗ್ಯಾ ಅಂದ್ರ ಅರ್ಜಿ ದಿಲ್ಲಿಗೇ ಹೋಗ್ತದ. ಇಷ್ಟು ಎಲ್ಲರಿಗೂ ಗೊತ್ತದ.

ಜಗಳ ಹತ್ತೋದು ಫಾರ್ಮ್ ಬಿ ಅನ್ನೋ ಅರ್ಜಿಯೊಳಗ ಇಲಿ ಎಷ್ಟು ಬೇಕು, ಯಾಕ ಬೇಕು ಅನ್ನೋ ಜಾಗದಾಗ. ಗ್ರೂಪಿಗೆ ಆರು ಅಂತ ಬರ್ದಿರ್ತಾರ. ಆರೇ ಯಾಕಪಾ ಅಂದ್ರ "ಸರ್, ಸೀನಿಯರ್ ಥೀಸಿಸ್‌ನ್ಯಾಗ ಹಂಗೇ ಇತ್ತು ರೀ" ಅಂತಾರ. ಒಂದು ಸರಳ ಲೆಕ್ಕ ಅದ, ಒಟ್ಟು ಇಲಿಯೊಳಗ ಗ್ರೂಪಿನ ಸಂಖ್ಯೆ ಕಳದ್ರ 10ರಿಂದ 20ರ ನಡುವ ಬರಬೇಕು. ಐದು ಗ್ರೂಪ್ ಆರಾರು ಇಲಿ ಅಂದ್ರ 30, ಐದು ಕಳದ್ರ 25, ಜಾಸ್ತಿ ಆತು. ಐದೈದು ಹಾಕಿದ್ರ ಸರಿ 20. ಹಿಂದಿನ ಡೇಟಾ ಕೈಯಾಗಿದ್ರ ಪವರ್ ಕ್ಯಾಲ್ಕುಲೇಶನ್, ಅಂದ್ರ ಫರಕು ಕಾಣಲಿಕ್ಕೆ ಎಷ್ಟು ಇಲಿ ಬೇಕು ಅನ್ನೋ ಲೆಕ್ಕ, ಮಾಡೋದೇ ಚೊಲೊ, ಇಲ್ಲಂದ್ರ ಇದು ಸಾಕು. ಹಂಗಂತ ಕಮಿಟಿಗೆ ಖುಷಿ ಆಗಲಿ ಅಂತ ಮೂರು ಬರಿಯೋರೂ ಅದಾರ, ಅದೂ ತಪ್ಪೇ, ಯಾಕಂದ್ರ ರಿಸಲ್ಟ್ ಬರಲಿಲ್ಲಂದ್ರ ಆ ಮೂರೂ ಸುಮ್ಮನ ಸತ್ತಂಗ.

ಆದ್ರ ಪರ್ಮಿಶನ್ ಕೊಟ್ಟ ಮ್ಯಾಲಿನ ಕೆಲಸನೇ ದೊಡ್ಡದು, ಅದನ್ನ ಯಾರೂ ಕೇಳಂಗಿಲ್ಲ. ನಮ್ಮ ಮೇ ತಿಂಗಳು ನಿಮಗ ಗೊತ್ತೇ ಅದ, ಹೊರಗ 42 ದಾಟ್ತದ, ಇಲಿ ರೂಮು ಗೈಡ್‌ಲೈನ್ ಪ್ರಕಾರ 18ರಿಂದ 29 ಡಿಗ್ರಿ ಒಳಗ ಇರಬೇಕು. ಒಂದ್ ಕಡೆ, ಹೆಸರು ಬ್ಯಾಡ ಬಿಡ್ರಿ, ಲಾಗ್‌ಬುಕ್ಕಿನ್ಯಾಗ ಇಡೀ ತಿಂಗಳು 24, 24, 24 ಅಂತ ಒಂದೇ ಪೆನ್ನಿಲೆ, ಒಂದೇ ಕೈಬರಹದಾಗ ಬರದಿತ್ತು. ಗ್ವಾಡಿಗಿದ್ದ ಮ್ಯಾಕ್ಸಿಮಮ್-ಮಿನಿಮಮ್ ಥರ್ಮಾಮೀಟರ್ ನೋಡಿದ್ರ ಶಕೆ ಎಲ್ಲಿ ತನಕ ಏರಿತ್ತು ಅಂತ ತೋರಸೋ ಮ್ಯಾಲಿನ ಮುಳ್ಳು 36ಕ್ಕ ನಿಂತಿತ್ತು! ರಾತ್ರಿ ಕರೆಂಟ್ ಹೋದಾಗ ಜನರೇಟರ್ ಆಫೀಸಿಗಿತ್ತು, ಇಲಿ ರೂಮಿಗಿರಲಿಲ್ಲ. ಶಕೆಗೆ ಇಲಿ ಮೇವು ಬಿಡ್ತದ, ತೂಕ ಇಳೀತದ, ಆಮ್ಯಾಲ ರಿಸರ್ಚ್ ಮಾಡೋ ಹುಡುಗ ತೂಕ ಇಳದಿದ್ದು ತನ್ನ ಔಷಧದಿಂದ ಅಂತ ಪೇಪರ್ ಬರೀತಾನ.

ಪಂಜರ ಮುಚ್ಚಳ ತಗದು ನೋಡೋದನ್ನೂ ಕಲಸಬೇಕಾಗ್ತದ. ಬೆನ್ನು ಗೂನು ಮಾಡಿ, ಕೂದಲ ನೆಟ್ಟಗ ಮಾಡ್ಕೊಂಡು ಮೂಲ್ಯಾಗ ಕುಂತಿದ್ರ ಅದಕ್ಕ ನೋವು ಅದ ಅಂತ. ಕಣ್ಣು ಮೂಗಿನ ಸುತ್ತ ಕೆಂಪ ಹತ್ತಿರ್ತದ, ಹುಡುಗ್ರು ರಕ್ತ ಅಂತ ಗಾಬರಿ ಆಗ್ತಾರ, ಅದು ರಕ್ತ ಅಲ್ಲ, ಕಣ್ಣ ಹಿಂದಿನ ಗ್ರಂಥಿಯಿಂದ ಬರೋ ಬಣ್ಣ, ಇಲಿ ಸ್ಟ್ರೆಸ್‌ನ್ಯಾಗ ಅದ ಅನ್ನೋದಕ್ಕ ಗುರುತು. ನೀರಿನ ಬಾಟಲಿ ತುಂಬಿದ್ರೂ ನಳಿಗ್ಯಾಗ ಗಾಳಿ ಸಿಕ್ಕಿದ್ರ ಹನಿ ಬರಂಗಿಲ್ಲ, ಬೆರಳಿಲೆ ಒತ್ತಿ ನೋಡಬೇಕು.

ಇನ್ನೊಂದು, ಯಾವಾಗ ನಿಲ್ಲಸ್ತೀರಿ ಅಂತ ಮೊದಲೇ ಬರೀರಿ. ತೂಕ 20 ಪರ್ಸೆಂಟ್ ಇಳದ್ರ ಆ ಇಲೀನ ಸ್ಟಡಿಯಿಂದ ತಗೀತೀವಿ, ನೋವಿಲ್ದಂಗ ಅದರ ಜೀವ ಮುಗಸ್ತೀವಿ, ಆ ನಿರ್ಧಾರ ಮಾಡೋರು ಇಂಥೋರು, ಭಾನುವಾರ ನೋಡೋರು ಇಂಥೋರು ಅಂತ. ಭಾನುವಾರದ್ದು ಖಾಲಿ ಬಿಟ್ಟು ಬಂದ್ರ ನಾ ಅಂತೂ ಸಹಿ ಹಾಕಂಗಿಲ್ಲ.