ಕೀಟನಾಶಕಗಳು ಮತ್ತು ನೀರುಹಕ್ಕಿಗಳ ಮೊಟ್ಟೆ: ಅಧ್ಯಯನ ಟಿಪ್ಪಣಿ

ರಂಗನತಿಟ್ಟು, ಕೊಕ್ಕರೆ ಬೆಳ್ಳೂರುಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಭತ್ತ, ಕಬ್ಬಿನ ಬಯಲುಗಳ ನಡುವಿನ ಕೆರೆ ಹೊಳೆಗಳಲ್ಲಿಯೇ ಮೀನು ಹಿಡಿಯುವುದರಿಂದ, ಬೆಳೆಗೆ ಹೊಡೆದ ಔಷಧಿ ಮೊಟ್ಟೆಯನ್ನು ತಲುಪುವ ಬಗೆಯನ್ನು ಮಂಡ್ಯ, ಮೈಸೂರಿನ ಪರಿಸರ ವಿದ್ಯಾರ್ಥಿಗಳು ಸರಿಯಾಗಿ ತಿಳಿದಿರಬೇಕು. ಸತ್ತ ಹಕ್ಕಿಗಳನ್ನು ಎಣಿಸಿದರೆ ಹಾನಿಯ ಅಳತೆ ಸಿಗುವುದಿಲ್ಲ. ತಾಯಿಹಕ್ಕಿ ಆರೋಗ್ಯವಾಗಿ ಕಾಣುತ್ತಿದ್ದರೂ ಅದರ ಸಂತಾನ ಕೈತಪ್ಪಿರಬಹುದು.

ಡಿಡಿಟಿ ಎಂಬ ಕೀಟನಾಶಕ ವಿಘಟನೆಯಾದಾಗ ಉಳಿಯುವ ಡಿಡಿಇ ಎಂಬ ರಾಸಾಯನಿಕ ಕೊಬ್ಬಿನಲ್ಲಿ ಕರಗಿ, ಪ್ಲವಕದಿಂದ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಿಂದ) ಮೀನಿಗೆ, ಮೀನಿನಿಂದ ಹಕ್ಕಿಗೆ ಸಾಂದ್ರವಾಗುತ್ತಾ ಹೋಗುತ್ತದೆ. ಮೊಟ್ಟೆಯ ಚಿಪ್ಪಿನ ಬಹುಭಾಗ ಕ್ಯಾಲ್ಸಿಯಂ ಕಾರ್ಬೋನೇಟ್. ಅಂಡನಾಳದ ಚಿಪ್ಪುಗ್ರಂಥಿಯಲ್ಲಿ ಕ್ಯಾಲ್ಸಿಯಂ ಸಾಗಣೆಗೆ ಡಿಡಿಇ ಅಡ್ಡಿಪಡಿಸುವುದರಿಂದ ಚಿಪ್ಪು ತೆಳುವಾಗುತ್ತದೆ, ಕಾವು ಕೂತ ತಾಯಿಯ ಭಾರಕ್ಕೇ ಒಡೆಯುತ್ತದೆ. ಹೆಜ್ಜಾರ್ಲೆಯ ಕುಲದ ಹಕ್ಕಿಗಳು ಮತ್ತು ಬೇಟೆಹಕ್ಕಿಗಳು ಇದಕ್ಕೆ ಬಹುಬೇಗ ತುತ್ತಾಗುತ್ತವೆ. ಬಾತುಗಳದು ಮಧ್ಯಮ ಸ್ಥಿತಿ. ಕೋಳಿಗೆ ಪರಿಣಾಮ ತೀರಾ ಕಡಿಮೆ. ಆದ್ದರಿಂದ ಕೋಳಿಯ ಮೇಲಿನ ಪ್ರಯೋಗವನ್ನು ನೀರುಹಕ್ಕಿಗೆ ಅನ್ವಯಿಸುವುದು ತಪ್ಪು.

ಬ್ರಿಟನ್ನಿನ ಪರಿಸರ ವಿಜ್ಞಾನಿ ಡೆರೆಕ್ ರಾಟ್‌ಕ್ಲಿಫ್ 1967ರಲ್ಲಿ ಸಂಗ್ರಹಾಲಯಗಳ ಹಳೆಯ ಮೊಟ್ಟೆಗಳನ್ನು ಹೊಸವುಗಳೊಂದಿಗೆ ಹೋಲಿಸಿ ಈ ತೆಳುವಾಗುವಿಕೆಯನ್ನು ತೋರಿಸಿದರು. ಚಿಪ್ಪಿನ ದಪ್ಪವನ್ನು ಅಂದಾಜಿಸುವ ಅವರ ಸೂಚ್ಯಂಕ ಸರಳವಾಗಿದೆ: ಒಣಚಿಪ್ಪಿನ ಮಿಲಿಗ್ರಾಂ ತೂಕವನ್ನು, ಮಿಲಿಮೀಟರಿನಲ್ಲಿ ಅಳೆದ ಉದ್ದ ಮತ್ತು ಅಗಲಗಳ ಗುಣಲಬ್ಧದಿಂದ ಭಾಗಿಸಬೇಕು. ಉದಾಹರಣೆಗೆ 56 ಮಿ.ಮೀ. ಉದ್ದ, 40 ಮಿ.ಮೀ. ಅಗಲದ ಮೊಟ್ಟೆಯ ಚಿಪ್ಪು 4,500 ಮಿ.ಗ್ರಾಂ ತೂಗಿದರೆ ಸೂಚ್ಯಂಕ ಸುಮಾರು 2.01, ಅದೇ ಗಾತ್ರದ ಚಿಪ್ಪು 3,600 ಮಿ.ಗ್ರಾಂ ತೂಗಿದರೆ 1.61. ಇದು ಶೇ. 20ರ ಇಳಿಕೆ. ಚಿಪ್ಪು ಹಲವು ವರ್ಷ ಸತತವಾಗಿ ಶೇ. 18ರಿಂದ 20ರಷ್ಟು ತೆಳುವಾಗಿದ್ದ ಕಡೆಗಳಲ್ಲಿ ಹಕ್ಕಿಗಳ ಸಂಖ್ಯೆಯೇ ಕುಸಿದಿರುವುದರಿಂದ, ಈ ಅಂಕಿಯನ್ನು ಲಘುವಾಗಿ ಕಾಣುವಂತಿಲ್ಲ.

ಭಾರತದಲ್ಲಿ ಕೃಷಿಗೆ ಡಿಡಿಟಿ ಬಳಕೆ 1989ರಲ್ಲಿ ನಿಷೇಧವಾಯಿತಾದರೂ ಕೆರೆಯ ಹೂಳಿನಲ್ಲಿ ಅದರ ಶೇಷ ದೀರ್ಘಕಾಲ ಉಳಿಯಬಲ್ಲದು. ನಂತರ ಹೆಚ್ಚಾಗಿ ಬಳಕೆಗೆ ಬಂದ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳ ದಾರಿ ಬೇರೆ. ಅವು ನರಗಳ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವವನ್ನು ತಡೆಯುವುದರಿಂದ ತಾಯಿಹಕ್ಕಿ ಮಂಕಾಗಿ, ಕಾವು ಬಿಟ್ಟೇಳಬಹುದು. ನೀರಿನ ಕೀಟಗಳು ಸತ್ತರೆ, ಮೊದಲ ವಾರಗಳಲ್ಲಿ ಅವುಗಳನ್ನೇ ನೆಚ್ಚಿಕೊಂಡ ಬಾತುಮರಿಗಳು ಹಸಿವಿನಿಂದ ಸೊರಗುತ್ತವೆ. ಈ ಬಗೆಯ ಹಾನಿಯನ್ನು ಚಿಪ್ಪಿನ ಅಳತೆ ತೋರಿಸಲಾರದು. ಆದುದರಿಂದ ಇಟ್ಟ ಮೊಟ್ಟೆ, ಒಡೆದ ಮೊಟ್ಟೆ, ಹೊರಬಂದ ಮರಿ, ಹಾರುವ ಮಟ್ಟಕ್ಕೆ ಬೆಳೆದ ಮರಿ ಇವನ್ನು ಪ್ರತ್ಯೇಕವಾಗಿಯೇ ದಾಖಲಿಸಬೇಕು. ಗೂಡಿನ ಮೊಟ್ಟೆಗೆ ಕೈಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾದ್ದರಿಂದ, ಕೆಳಗೆ ಬಿದ್ದ ಚಿಪ್ಪನ್ನು ಸಂಗ್ರಹಿಸುವ ಮುನ್ನವೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಪಡೆಯಿರಿ.