ಷರಾ ಕಾಲಂನಲ್ಲಿ ಉಳಿದ ಬಾಲ್ಯ

ಸುಮಾರು ನಲವತ್ತು ವಯಸ್ಸಿನ ಒಬ್ಬರು ಹೆಂಡತಿ ಹಾಗೂ ಶಾಲೆಗೆ ಹೋಗುವ ಮಗಳನ್ನು ಕರೆದುಕೊಂಡು ಒಂದು ಸರ್ಕಾರಿ ಬಾಲಮಂದಿರದ ಕಚೇರಿಗೆ ಬಂದು, ತಮ್ಮ ಕಡತವನ್ನು ನೋಡಬೇಕೆಂದು ಕೇಳಿದ ದಿನ ನಾನು ಅಲ್ಲಿದ್ದೆ. ಗೆದ್ದಲು ಹಿಡಿದ ಕಟ್ಟುಗಳನ್ನು ಮಧ್ಯಾಹ್ನದವರೆಗೆ ಬಿಚ್ಚಿ ನೋಡಿದರೂ ಕಡತ ಸಿಗಲಿಲ್ಲ. ದಾಖಲಾತಿ ವಹಿಯ ಒಂದೇ ಒಂದು ಸಾಲು ಸಿಕ್ಕಿತು. ಹೆಸರಿನ ಕಾಲಂನಲ್ಲಿ ಸಿಬ್ಬಂದಿ ಇಟ್ಟ ಹೆಸರು, ತಂದೆಯ ಹೆಸರಿನ ಜಾಗದಲ್ಲಿ ಅಡ್ಡಗೆರೆ, ಜನ್ಮದಿನಾಂಕ ಜೂನ್ 1, ಗುರುತಿನ ಚಿಹ್ನೆ ಬಲ ಮೊಣಕಾಲಿನ ಕೆಳಗೆ ಸುಟ್ಟ ಕಲೆ. ಷರಾ ಕಾಲಂನಲ್ಲಿ ಮಾತ್ರ ಯಾರೋ ನೀಲಿ ಶಾಯಿಯಲ್ಲಿ, ‘ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದು, ಅಕ್ಕಾ ಎಂದು ಅಳುತ್ತದೆ’ ಎಂದು ಬರೆದಿದ್ದರು. ಅವರು ಪ್ಯಾಂಟು ಮೇಲೆ ಮಡಚಿ, ಆ ಕಲೆಯನ್ನು ಮಗಳಿಗೆ ತೋರಿಸಿದರು. ತಮಗೊಬ್ಬ ಅಕ್ಕ ಇದ್ದಿರಬಹುದೆಂದು ಅವರಿಗೆ ತಿಳಿದದ್ದೇ ಅಂದು.

ಜೂನ್ 1 ಎಂಬ ಹುಟ್ಟುಹಬ್ಬ ನಮ್ಮಲ್ಲಿ ಎಷ್ಟೋ ಜನರಿಗಿದೆ. ಹುಟ್ಟಿದ ದಿನ ಗೊತ್ತಿಲ್ಲದ ಮಗುವಿನ ವಯಸ್ಸನ್ನು ಅಂದಾಜಿಸಿ, ಶಾಲೆ ತೆರೆಯುವ ಹೊತ್ತಿಗೆ ಸರಿಹೊಂದುವಂತೆ ಹಿಂದಕ್ಕೆ ಎಣಿಸಿ ಬರೆದ ದಿನಾಂಕವದು. ಮನೆಯಲ್ಲಿ ಬೆಳೆದವರಿಗೆ ನಿಜವಾದ ದಿನವನ್ನು ಹೇಳಲು ಅಜ್ಜಿಯೋ ಸೋದರಮಾವನೋ ಇರುತ್ತಾರೆ. ಬಾಲಮಂದಿರದಲ್ಲಿ ಬೆಳೆದವರಿಗೆ ಆ ಸಾಲಿನಾಚೆ ಕೇಳಲು ಯಾರೂ ಇಲ್ಲ.

ಆ ವಹಿ ಅಷ್ಟು ಬಡವಾಗಿರುವುದಕ್ಕೆ ಬರೆದ ಗುಮಾಸ್ತರನ್ನು ದೂರಿ ಪ್ರಯೋಜನವಿಲ್ಲ, ಏಕೆಂದರೆ ಅದರ ನಮೂನೆಯೇ ಸೆರೆಮನೆಯ ಕಡೆಯಿಂದ ಬಂದದ್ದು. ಬ್ರಿಟಿಷ್ ಆಳ್ವಿಕೆಯಲ್ಲಿ 1876ರಲ್ಲೂ ಮತ್ತೆ 1897ರಲ್ಲೂ ಬಂದ ಸುಧಾರಣಾ ಶಾಲೆಗಳ ಕಾಯ್ದೆಗಳು ಶಿಕ್ಷೆಗೊಳಗಾದ ಹುಡುಗರಿಗಾಗಿ ರೂಪುಗೊಂಡವು. 1919–20ರ ಸೆರೆಮನೆ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ ಮದ್ರಾಸಿನಲ್ಲಿ 1920ರಲ್ಲಿ, ಮುಂಬಯಿಯಲ್ಲಿ 1924ರಲ್ಲಿ ಮಕ್ಕಳ ಕಾಯ್ದೆಗಳು ಬಂದಾಗ, ಅಪರಾಧವನ್ನೇ ಮಾಡದ ಅನಾಥ ಮಕ್ಕಳೂ ಅದೇ ವ್ಯವಸ್ಥೆಯೊಳಗೆ ಸೇರಿದರು. ದಾಖಲೆಯ ಭಾಷೆ ಬದಲಾಗಲಿಲ್ಲ. ಮಗುವನ್ನು ‘ಹಾಜರುಪಡಿಸುವುದು’, ಮನೆಗೆ ಕಳಿಸುವಾಗ ‘ಬಿಡುಗಡೆ’ ಮಾಡುವುದು ಇಂದಿಗೂ ನಮ್ಮ ಕಡತಗಳಲ್ಲಿ ಉಳಿದಿದೆ. ದಾರಿ ತಪ್ಪಿ ಬಂದ ಐದು ವರ್ಷದ ಕೂಸಿನ ಬಗ್ಗೆ ‘ಬಿಡುಗಡೆ’ ಎಂದು ಬರೆಯಬೇಕಾಗಿ ಬಂದಾಗಲೆಲ್ಲ ನನಗೆ ಕೈ ತಡೆಯುತ್ತಿತ್ತು.

ಏಕೀಕರಣಕ್ಕೆ ಮುನ್ನ ಮಂಗಳೂರು ಮದ್ರಾಸ್ ಪ್ರಾಂತದಲ್ಲಿ, ಧಾರವಾಡ ಮತ್ತು ಬೆಳಗಾವಿ ಮುಂಬಯಿ ಪ್ರಾಂತದಲ್ಲಿ ಇದ್ದುದರಿಂದ, ತೀರ ಹಳೆಯ ದಾಖಲೆಗಳನ್ನು ಹುಡುಕುವವರು ಮೊದಲು ಆ ಊರು ಅಂದು ಯಾರ ಆಡಳಿತದಲ್ಲಿತ್ತು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ನಮ್ಮ ರಾಜ್ಯದ್ದೇ ಆದ ಮಕ್ಕಳ ಕಾಯ್ದೆ 1964ರದು. 1986ರ ಕೇಂದ್ರ ಬಾಲನ್ಯಾಯ ಕಾಯ್ದೆ ಅದರ ಜಾಗಕ್ಕೆ ಬಂತು. ಆಮೇಲೆ 2000ದ ಕಾಯ್ದೆ, ಈಗ 2015ರದು. ಇಂದು ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯಬೇಕು. ಸಾಮಾಜಿಕ ತನಿಖಾ ವರದಿ ಮತ್ತು ವೈಯಕ್ತಿಕ ಪಾಲನಾ ಯೋಜನೆಯನ್ನು ಪ್ರತಿ ಮಗುವಿಗೂ ಬೇರೆಬೇರೆಯಾಗಿ ಬರೆಯಬೇಕು. ಒಂದು ಸಾಲಿದ್ದಲ್ಲಿ ಈಗ ಹತ್ತಾರು ಪುಟಗಳಿವೆ. ಆದರೆ ಒಬ್ಬರದನ್ನು ನೋಡಿ ಇನ್ನೊಬ್ಬರದಕ್ಕೆ ಇಳಿಸಿದ ಪುಟಗಳನ್ನೂ ನಾನು ಕಂಡಿದ್ದೇನೆ, ಅವುಗಳಿಗಿಂತ ಆ ನೀಲಿ ಶಾಯಿಯ ಷರಾ ಎಷ್ಟೋ ಮೇಲು.

ಕಚೇರಿಗಳಲ್ಲಿ ಆಗಾಗ ಕಾಣುವ ಒಂದು ಗೊಂದಲವನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿದೆ. ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗುವಿನ ಅಪರಾಧ ನಿರ್ಣಯದ ದಾಖಲೆಯನ್ನು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ 7 ವರ್ಷ ಮಾತ್ರ ಇಟ್ಟು, ಬಳಿಕ ನಾಶಪಡಿಸಬೇಕೆಂದು ಬಾಲನ್ಯಾಯ ಕಾಯ್ದೆಯಡಿಯ 2016ರ ಮಾದರಿ ನಿಯಮಗಳು ಹೇಳುತ್ತವೆ. ಹದಿನಾರು ದಾಟಿದವರ ಘೋರ ಅಪರಾಧಗಳಿಗೆ ಮಾತ್ರ ವಿನಾಯಿತಿ. ಬಾಲ್ಯದ ತಪ್ಪೊಂದು ಜೀವಮಾನವಿಡೀ ಬೆನ್ನಟ್ಟಬಾರದೆಂಬ ಆ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದೇ ನಿಯಮದ ಹೆಸರಿನಲ್ಲಿ, ಪಾಲನೆ ಮತ್ತು ರಕ್ಷಣೆಗಾಗಿ ಬಂದ ಮಕ್ಕಳ ಕಡತಗಳನ್ನೂ ‘ಹಳೆಯವು’ ಎಂದು ರದ್ದಿಗೆ ಕಟ್ಟಿಡುವುದು ಘೋರ ಅನ್ಯಾಯ. ಮೊದಲನೆಯದು ಅಳಿಸಿಹಾಕಬೇಕಾದ ಕಳಂಕ, ಎರಡನೆಯದು ಆ ವ್ಯಕ್ತಿಯ ವಂಶಾವಳಿ. ದತ್ತು ಹೋದವರಿಗಂತೂ 18 ತುಂಬಿದ ಮೇಲೆ ತಮ್ಮ ಮೂಲವನ್ನು ಹುಡುಕಿಕೊಡಿ ಎಂದು ಅರ್ಜಿ ಹಾಕುವ ಹಕ್ಕನ್ನು ದತ್ತು ನಿಯಮಗಳೇ ಕೊಟ್ಟಿವೆ. ಮಗುವನ್ನು ಒಪ್ಪಿಸಿದ ತಾಯಿಯ ಗುರುತನ್ನು ಆಕೆಯ ಒಪ್ಪಿಗೆಯಿಲ್ಲದೆ ಹೇಳುವಂತಿಲ್ಲ, ಅದು ಸರಿಯೇ. ಆದರೆ ಕಡತವೇ ಇಲ್ಲದಿದ್ದರೆ ಯಾರ ಒಪ್ಪಿಗೆಯನ್ನು ಕೇಳುವುದು?

ಬಾಲಮಂದಿರದಲ್ಲಿ ಬೆಳೆದವರು ಈಗ ತಮ್ಮ ದಾಖಲೆಯನ್ನು ಹುಡುಕುವುದಾದರೆ ಆ ಸಂಸ್ಥೆಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಅಂದು ಕರೆಯುತ್ತಿದ್ದ ಹೆಸರು, ಅಂದಾಜು ವರ್ಷ, ಜೊತೆಗಿದ್ದ ಒಬ್ಬಿಬ್ಬರ ನೆನಪು ಇವೆಲ್ಲವನ್ನೂ ಅರ್ಜಿಯಲ್ಲಿ ಕಾಣಿಸಬೇಕು. ಅಲ್ಲಿ ಸಿಗದಿದ್ದರೆ ಓದಿದ ಸರ್ಕಾರಿ ಶಾಲೆಯ ದಾಖಲಾತಿ ವಹಿಯನ್ನು ನೋಡಬೇಕು. ಶಾಲೆಗಳು ಅದನ್ನು ಜೋಪಾನ ಮಾಡಿರುವುದೇ ಹೆಚ್ಚು. ಅಕ್ಕನನ್ನು ಹುಡುಕುತ್ತಿದ್ದವರಿಗೂ ನಾನು ಅದನ್ನೇ ಹೇಳಿದೆ. ಹೊರಡುವ ಮುನ್ನ ಅವರ ಮಗಳು ವಹಿಯ ಆ ಸಾಲನ್ನು ತನ್ನ ನೋಟುಪುಸ್ತಕದಲ್ಲಿ, ಅಡ್ಡಗೆರೆಯನ್ನೂ ಬಿಡದೆ, ನಿಧಾನವಾಗಿ ನಕಲು ಮಾಡಿಕೊಂಡಳು.