ಎಂಡ್-ಟು-ಎಂಡ್ ಅಂತ ಬರೆದಿದೆಯಲ್ಲ ಸಾರ್!

ಕಳೆದ ಆಷಾಢದಲ್ಲಿ ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ನನ್ನ ವಕೀಲಿ ಆಫೀಸಿಗೆ ಬಂದರು. ಪಾಲುದಾರರ ಜೊತೆ ಲೆಕ್ಕದ ತಕರಾರು, ಅದು ಬೆಳೆದು ಮೋಸದ ದೂರು, ಎಫ್‌ಐಆರ್. ಫೈಲಿನಲ್ಲಿ ಇವರ ವಾಟ್ಸ್ಯಾಪ್ ಚಾಟು ಹನ್ನೊಂದು ಪುಟ ಪ್ರಿಂಟ್ ಆಗಿ ಕೂತಿತ್ತು. ಅವರು ಅದನ್ನು ತಿರುವಿಯೂ ನೋಡಲಿಲ್ಲ. ತಮ್ಮ ಫೋನ್ ತೆಗೆದರು, ಚಾಟನ್ನು ಮೇಲಿನ ತುದಿಯವರೆಗೂ ಎಳೆದರು, ಬೀಗದ ಚಿತ್ರ ಇರುವ ಆ ಪುಟ್ಟ ಪಟ್ಟಿಯ ಮೇಲೆ ಬೆರಳಿಟ್ಟರು.

"ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಅಂತ ಇಲ್ಲೇ ಬರೆದಿದೆಯಲ್ಲ ಸಾರ್. ವಾಟ್ಸ್ಯಾಪಿನವರಿಗೇ ಓದೋಕಾಗಲ್ವಂತೆ. ಪೊಲೀಸರಿಗೆ ಹೇಗೆ ಸಿಕ್ತು? ಕಂಪನಿ ಮೇಲೆ ಕೇಸ್ ಹಾಕಬಹುದಾ?"

"ನಿಮ್ಮ ಪಾಲುದಾರರು ಅವರ ಫೋನ್ ಕೊಟ್ಟಿದ್ದಾರೆ" ಎಂದೆ.

ಅವರ ಮುಖ ನೋಡಬೇಕಿತ್ತು.

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಡಾಕ್ಟರು, ಇಂಜಿನಿಯರು, ಒಮ್ಮೆ ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರು ಕೂಡ ಇದನ್ನೇ ಕೇಳಿದರು. ಹಾಗಾಗಿ ಒಮ್ಮೆ ಬರೆದೇ ಬಿಡುತ್ತೇನೆ, ಇನ್ನು ಮುಂದೆ ಬಂದವರಿಗೆ ಇದನ್ನೇ ಓದೋಕೆ ಕೊಡಬಹುದು.

ಎಂಡ್ ಅಂದರೆ ತುದಿ. ಒಂದು ತುದಿ ನಿಮ್ಮ ಫೋನು, ಇನ್ನೊಂದು ತುದಿ ಅವರ ಫೋನು. ನಡುವೆ ಟವರು, ಕೇಬಲ್ಲು, ಕಂಪನಿಯ ಸರ್ವರು. ಆ ನಡುವಿನ ದಾರಿಯಲ್ಲಿ ಮಾತ್ರ ನಿಮ್ಮ ಮೆಸೇಜಿಗೆ ಬೀಗ, ಅದೇ ಎನ್‌ಕ್ರಿಪ್ಶನ್. ಕೀಲಿಕೈ ಇರೋದು ಎರಡು ತುದಿಗಳಲ್ಲಿ. ವಾಟ್ಸ್ಯಾಪ್ 2016ರ ಏಪ್ರಿಲ್‌ನಲ್ಲಿ ಈ ಬೀಗವನ್ನು ಎಲ್ಲರಿಗೂ ಹಾಕಿತು, ಅದು ಗಟ್ಟಿ ಬೀಗವೇ. ಆದರೆ ತುದಿಗೆ ಬಂದ ಮೇಲೆ ಬೀಗ ತೆಗೆಯಲೇಬೇಕಲ್ಲ? ಇಲ್ಲದಿದ್ದರೆ ನೀವಾದರೂ ಹೇಗೆ ಓದುತ್ತೀರಿ? ತುದಿಯಲ್ಲಿ ಅದು ಬಿಚ್ಚಿದ ಕಾಗದ. ಯಾರ ಕೈಗೆ ಫೋನ್ ಸಿಗುತ್ತೋ ಅವರು ಓದುತ್ತಾರೆ.

ಇಷ್ಟು ಹೇಳಿದರೂ ತಲೆ ಆಡಿಸುತ್ತಾರೆ, ಅರ್ಥ ಆಗಿರಲ್ಲ. ಆಗ ಬಸ್ಸಿನ ಪಾರ್ಸೆಲ್ ಕಥೆ ಹೇಳುತ್ತೇನೆ. ತಿಪಟೂರಿನಲ್ಲಿ ಡಬ್ಬಕ್ಕೆ ಹೊಲಿಗೆ ಹಾಕಿ, ಅರಗು ಹಚ್ಚಿ ಬಸ್ಸಿಗೆ ಹಾಕುತ್ತೀರಿ. ಡ್ರೈವರಿಗೂ ಗೊತ್ತಿಲ್ಲ, ಕಂಡಕ್ಟರಿಗೂ ಗೊತ್ತಿಲ್ಲ ಒಳಗೇನಿದೆ ಅಂತ. ಮೆಜೆಸ್ಟಿಕ್‌ನಲ್ಲಿ ಇಳಿಸಿಕೊಂಡ ನಿಮ್ಮ ಭಾವಮೈದ ಅಲ್ಲೇ ಬಿಚ್ಚಿ ಹತ್ತು ಜನಕ್ಕೆ ತೋರಿಸಿದರೆ, ಬಸ್ಸಿನವರ ಮೇಲೆ ಕೇಸ್ ಹಾಕ್ತೀರಾ?

ನಾನು ನೋಡಿರುವ ಚಾಟ್ ಕೇಸುಗಳಲ್ಲಿ ಬೀಗ ಒಡೆದು ತೆಗೆದದ್ದು ಒಂದೂ ಇಲ್ಲ. ಎಲ್ಲ ತುದಿಯಲ್ಲೇ ಸೋರಿದ್ದು. ಎದುರಿನವರು ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್ಯಾಪ್ ವೆಬ್ ತೆರೆದು ಹಾಗೇ ಬಿಟ್ಟು ಊಟಕ್ಕೆ ಹೋಗಿರುತ್ತಾರೆ. ಒಂದು ವಿಚ್ಛೇದನದ ಕೇಸು ಪೂರ್ತಿ ನಿಂತದ್ದೇ ಆ ಊಟದ ಅರ್ಧ ಗಂಟೆಯ ಮೇಲೆ. ಇನ್ನೊಂದು ಬ್ಯಾಕಪ್. ಫೋನಿನಿಂದ ಗೂಗಲ್ ಡ್ರೈವಿಗೋ ಐಕ್ಲೌಡಿಗೋ ಹೋಗುವ ಪ್ರತಿಗೂ ಅದೇ ಬೀಗ ಇದೆ ಅಂದುಕೊಂಡಿರುತ್ತಾರೆ. ಆ ಪ್ರತಿಗೆ ಬೀಗ ಹಾಕುವ ಸೌಲಭ್ಯ ಬಂದದ್ದೇ 2021ರಲ್ಲಿ, ಅದನ್ನೂ ಸೆಟ್ಟಿಂಗ್ಸಿಗೆ ಹೋಗಿ ನೀವೇ ಆನ್ ಮಾಡಬೇಕಿತ್ತು. 2020ರಲ್ಲಿ ಮುಂಬೈ ಚಿತ್ರರಂಗದ ಡ್ರಗ್ಸ್ ತನಿಖೆಯ ಚಾಟುಗಳು ಟಿವಿಯಲ್ಲಿ ಓಡಿದವಲ್ಲ, ಆಗಲೂ ದೇಶವೆಲ್ಲ ಇದೇ ಪ್ರಶ್ನೆ ಕೇಳಿತ್ತು.

ಇನ್ನು ನಮ್ಮ ಕೊಬ್ಬರಿ ವ್ಯಾಪಾರಿಗಳ ಫೋನು. ಪಿನ್ ಹಾಕಿದ್ದೀರಾ ಅಂತ ಕೇಳಿದೆ. "ಹಾಕಿದೀನಿ ಸಾರ್, ಮರೆತು ಹೋಗುತ್ತೆ ಅಂತ" ಎನ್ನುತ್ತಾ ಫೋನಿನ ಹಿಂದಿನ ರಬ್ಬರ್ ಕವರ್ ಎತ್ತಿದರು. ಒಳಗೆ ಮಡಚಿದ ಚೀಟಿ. ಮೊದಲ ಸಾಲಿನಲ್ಲಿ ಫೋನಿನ ಪಿನ್, ಎರಡನೇ ಸಾಲಿನಲ್ಲಿ ಯುಪಿಐ ಪಿನ್, ಕೆಳಗೆ ಯಾವುದೋ ಲಾರಿ ನಂಬರು. ಬೆವರಿಗೆ ಶಾಯಿ ಸ್ವಲ್ಪ ಹರಡಿತ್ತು, ಅಂಕಿಗಳು ಮಾತ್ರ ಚೆನ್ನಾಗಿಯೇ ಓದುವ ಹಾಗಿದ್ದವು.

ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: "ಈಗ ಎಲ್ಲ ಡಿಲೀಟ್ ಮಾಡಿಬಿಡಲಾ?" ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ದಯವಿಟ್ಟು ಮಾಡಬೇಡಿ. ಕೇಸ್ ದಾಖಲಾದ ಮೇಲೆ, ನೋಟಿಸ್ ಬಂದ ಮೇಲೆ ಅಳಿಸಿದರೆ ಅದು ಸಾಕ್ಷ್ಯ ನಾಶ ಅನ್ನಿಸಿಕೊಳ್ಳಬಹುದು. ಇಲ್ಲದ ಇನ್ನೊಂದು ಅಪರಾಧವನ್ನು ನೀವೇ ಕೈಯಾರೆ ಹುಟ್ಟಿಸಿಕೊಂಡ ಹಾಗೆ. ಅಳಿಸಿದ್ದು ಮಡಿವಾಳದ ಎಫ್‌ಎಸ್‌ಎಲ್‌ನಲ್ಲಿ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ, ಎಷ್ಟೋ ಸಲ ಮತ್ತೆ ಸಿಗುತ್ತದೆ. ಸಿಗದಿದ್ದರೂ ಎದುರಿನವರ ತುದಿಯಲ್ಲಿ ಇದ್ದೇ ಇರುತ್ತದೆ. ತುದಿ ಎರಡು ಅಂತ ಆಗಲೇ ಹೇಳಿದೆ ಅಲ್ವಾ?

ಪೊಲೀಸರು ಪಿನ್ ಕೇಳಿದರೆ ಕೊಡಬೇಕಾ? ಇಲ್ಲಿ ನಾನು ಸ್ವಲ್ಪ ಎಚ್ಚರಿಕೆಯಿಂದ ಮಾತಾಡಬೇಕು. 2021ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟು ಒಂದು ತೀರ್ಪು ಕೊಟ್ಟಿತು. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಆದರೆ ತಾವೇ ಬಲವಂತ ಮಾಡುವ ಹಾಗಿಲ್ಲ. ಕೊಡದಿದ್ದರೆ ಕೋರ್ಟಿಗೆ ಬಂದು ಸರ್ಚ್ ವಾರಂಟ್ ಪಡೆಯಬೇಕು. ಕೋರ್ಟ್ ಹೇಳಿದ ಮೇಲೆ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗಲ್ಲ. ಸ್ಥೂಲವಾಗಿ ಇಷ್ಟು. ಮಾರನೇ ವರ್ಷ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯವೊಂದು ಬೇರೆ ದಾರಿ ಹಿಡಿಯಿತು, ತಲೆಯೊಳಗಿನ ಪಾಸ್‌ವರ್ಡನ್ನು ಆರೋಪಿಯಿಂದ ಬಲವಂತವಾಗಿ ಪಡೆಯುವ ಹಾಗಿಲ್ಲ ಎಂದಿತು. ಆದ್ದರಿಂದ ಅಂಕಣ ಓದಿ ಠಾಣೆಯಲ್ಲಿ ಕಾನೂನು ಮಾತಾಡಬೇಡಿ. ನಿಮ್ಮ ವಕೀಲರಿಗೆ ಫೋನ್ ಮಾಡಿ. ಫೋನ್ ಜಪ್ತಿ ಮಾಡುವಾಗ ಮಹಜರಿನಲ್ಲಿ ಮಾಡೆಲ್ಲು, ಐಎಂಇಐ ಎಂಬ ಫೋನಿನ ಗುರುತಿನ ನಂಬರು ಸರಿಯಾಗಿ ಬರೆದಿದ್ದಾರಾ ನೋಡಿಕೊಳ್ಳಿ, ಒಂದು ಪ್ರತಿ ಕೇಳಿ ಪಡೆಯಿರಿ. ಗಾಬರಿಯಲ್ಲಿ ಇದನ್ನೇ ಮರೆಯುತ್ತಾರೆ.

ಇದು ಒಂದು ಬಗೆಯ ಕಕ್ಷಿದಾರರ ಕಥೆ. ಇನ್ನೊಂದು ಬಗೆಯವರು ಇದಕ್ಕೆ ಪೂರ್ತಿ ಉಲ್ಟಾ.

ಯಲಹಂಕದ ಒಂದು ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷೆ ಬಂದಿದ್ದರು. ನಿವೃತ್ತ ಹೈಸ್ಕೂಲ್ ಮೇಡಂ, ಖಡಕ್ ಮನುಷ್ಯೆ. ಬೋರ್‌ವೆಲ್ ದುಡ್ಡು ನುಂಗಿದ್ದಾರೆ ಅಂತ ಅವರ ಮೇಲೆ ಯಾರೋ ಮೆಸೇಜ್ ಹಬ್ಬಿಸಿದ್ದರು. "ಮೊದಲು ಕಳಿಸಿದ್ದು ಯಾರು ಅಂತ ವಾಟ್ಸ್ಯಾಪಿನವರು ಹೇಳಲೇಬೇಕು, ಕಾನೂನೇ ಬಂದಿದೆಯಂತೆ" ಎಂದರು.

ಕಾನೂನು ಬಂದಿರೋದು ನಿಜ. 2021ರ ಐಟಿ ನಿಯಮಗಳಲ್ಲಿ ನಾಲ್ಕನೆಯದು. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಮೆಸೇಜಿಂಗ್ ಕಂಪನಿ, ಕೋರ್ಟೋ ಸರ್ಕಾರವೋ ಆದೇಶ ಕೊಟ್ಟರೆ, ಒಂದು ಸಂದೇಶವನ್ನು ದೇಶದಲ್ಲಿ ಮೊದಲು ಕಳಿಸಿದವರು ಯಾರು ಅಂತ ಹೇಳುವ ಹಾಗಿರಬೇಕು. ಆದರೆ ಅದು ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಅತ್ಯಾಚಾರ, ಮಕ್ಕಳ ಲೈಂಗಿಕ ಶೋಷಣೆ, ಇಂಥ ಗಂಭೀರ ವಿಷಯಗಳಿಗೆ, ಅದೂ 5 ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆಯ ಅಪರಾಧಗಳಿಗೆ. ಮಾನಹಾನಿಗೆ ಹೆಚ್ಚೆಂದರೆ 2 ವರ್ಷ. ಬೋರ್‌ವೆಲ್ ಅಲ್ಲಿಗೇ ಮುಳುಗಿತು.

ಮೇಡಂ ಬಿಡಲಿಲ್ಲ. "ಕಾನೂನು ಬಿಡಿ, ಕಂಪ್ಯೂಟರಲ್ಲಿ ಗೊತ್ತಾಗಲ್ವಾ?" ಎಂದರು. ಸರಿ ಅಂತ ಲ್ಯಾಪ್‌ಟಾಪ್ ತಿರುಗಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲಿ, ಡಿಜಿಟಲ್ ದಾಖಲೆ ಹಾಜರುಪಡಿಸುವಾಗ ಸರ್ಟಿಫಿಕೇಟಿನಲ್ಲಿ ಹ್ಯಾಶ್ ಬರೆಯಬೇಕು. ಹಾಗಾಗಿ ಆ ಸಾಫ್ಟ್‌ವೇರ್ ನನ್ನ ಹತ್ತಿರ ಸದಾ ತೆರೆದೇ ಇರುತ್ತದೆ. ಹ್ಯಾಶ್ ಅಂದರೆ ಒಂದು ಫೈಲಿನ ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ. "ಬೋರ್‌ವೆಲ್ ದುಡ್ಡು ನುಂಗಿದ್ದಾರೆ" ಅಂತ ಟೈಪ್ ಮಾಡಿದೆ. 64 ಅಕ್ಷರ, ಅಂಕಿಗಳ ಒಂದು ಸಾಲು ಬಂತು. ಕೊನೆಗೆ ಒಂದು ಚುಕ್ಕಿ ಹಾಕಿದೆ. ಪೂರ್ತಿ ಬೇರೆ ಸಾಲು. ಮೇಡಂ ಕನ್ನಡಕ ಏರಿಸಿ ಎರಡನ್ನೂ ಅಕ್ಷರ ಅಕ್ಷರ ಹೋಲಿಸಿ ನೋಡಿದರು, ಉತ್ತರಪತ್ರಿಕೆ ತಿದ್ದುವ ಹಾಗೆ.

ಕಂಪನಿ ಒಳಗಿನ ಮಾತು ಓದದೆಯೇ ಈ ಗುರುತನ್ನು ಇಟ್ಟುಕೊಳ್ಳಲಿ ಅನ್ನೋದು ಈ ಚರ್ಚೆಯಲ್ಲಿ ಬಂದ ಒಂದು ಸಲಹೆ. ಆದರೆ ಒಂದು ಚುಕ್ಕಿ ಸೇರಿಸಿದರೆ ಗುರುತೇ ಬೇರೆ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ, ಕಳಿಸಿದವರೇ ಮೊದಲಿಗರು. ಪಕ್ಕದ ಮನೆ ಹುಡುಗ ಫೇಸ್‌ಬುಕ್‌ನಲ್ಲಿ ನೋಡಿದ್ದನ್ನು ಸುಮ್ನೆ ಕಾಪಿ ಮಾಡಿ ಹಾಕಿದರೆ ಅವನೇ ಮೊದಲಿಗ. ಇನ್ನೊಂದು ಸಲಹೆ, ಸಂದೇಶದ ಜೊತೆಗೇ ಮೂಲ ಕಳಿಸಿದವರ ಗುರುತು ಅಂಟಿಸುವುದು. 2019ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಐಐಟಿ ಮದ್ರಾಸಿನ ಪ್ರೊಫೆಸರ್ ಕಾಮಕೋಟಿ ಅದು ಸಾಧ್ಯ ಎಂದಿದ್ದರು. ಐಐಟಿ ಬಾಂಬೆಯ ಪ್ರೊಫೆಸರ್ ಮನೋಜ್ ಪ್ರಭಾಕರನ್ ಅದು ನಿಲ್ಲುವ ಮಾತಲ್ಲ ಎಂದರು. ನಾನು ವಕೀಲ, ಪ್ರೊಫೆಸರುಗಳ ಜಗಳದಲ್ಲಿ ಪಂಚಾಯ್ತಿ ಮಾಡಲ್ಲ. ಆದರೆ ಚುಕ್ಕಿ ಹಾಕಿ ನೋಡಿದ್ದೇನೆ.

ನನ್ನ ಆಫೀಸಿನ ಪ್ಲೈವುಡ್ ಗೋಡೆಗೆ ಯಾವ ಎನ್‌ಕ್ರಿಪ್ಶನ್ನೂ ಇಲ್ಲ. ಅವತ್ತು ಹೊರಗಿನ ಬೆಂಚಿನ ಮೇಲೆ ನಮ್ಮ ಕೊಬ್ಬರಿ ವ್ಯಾಪಾರಿ ಕೂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದವರೇ ಹೇಳಿದರು. "ಅಟ್ಟಕ್ಕೆ ಹಾಕಿದ ಕಾಯಿ ವರ್ಷ ಕಳೆದು ಒಡೆದಾಗಲೇ ಗೊತ್ತಾಗೋದು ಯಾವುದು ಕೊಳೆತಿದೆ ಅಂತ. ಕೊಳೆತದ್ದು ಯಾವ ಮರದ್ದು ಅಂತ ಹೇಳಬೇಕಾದರೆ, ಕಾಯಿ ಕೆಡವುವಾಗಲೇ ಒಂದೊಂದಕ್ಕೂ ಮರದ ನಂಬರ್ ಬರೀಬೇಕಲ್ವಾ ಸಾರ್? ಒಳ್ಳೇ ಕಾಯಿಗೂ?"

ಹತ್ತು ವರ್ಷದಿಂದ ಸೆಮಿನಾರುಗಳಲ್ಲಿ ಇದನ್ನು ಇಷ್ಟು ನೆಟ್ಟಗೆ ಹೇಳಿದವರನ್ನು ನಾನು ನೋಡಿಲ್ಲ. ಸರ್ಕಾರ ಹೇಳೋದು, ನಮಗೆ ಒಳಗಿನ ಮಾತು ಬೇಡ, ಕೆಟ್ಟ ಸಂದೇಶ ಕಳಿಸಿದವರ ಹೆಸರು ಮಾತ್ರ ಸಾಕು ಅಂತ. ನಿಯಮದಲ್ಲೂ ಹಾಗೇ ಇದೆ. ಆದರೆ ಯಾವ ಸಂದೇಶ ನಾಳೆ ಕೆಟ್ಟದ್ದಾಗುತ್ತೆ ಅಂತ ಇವತ್ತು ಯಾರಿಗೂ ಗೊತ್ತಿಲ್ಲ. ಹಾಗಾಗಿ ಎಲ್ಲರ ಎಲ್ಲ ಸಂದೇಶಕ್ಕೂ ನಂಬರ್ ಹಾಕಬೇಕು. ಅಮ್ಮನಿಗೆ ಕಳಿಸಿದ "ಊಟ ಆಯ್ತಾ" ಅನ್ನೋದಕ್ಕೂ. ಈ ನಿಯಮದ ವಿರುದ್ಧ ವಾಟ್ಸ್ಯಾಪ್ 2021ರಲ್ಲೇ ದೆಹಲಿ ಹೈಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಅದರ ವಕೀಲರು, ಎನ್‌ಕ್ರಿಪ್ಶನ್ ಮುರಿಯಲೇಬೇಕು ಅಂದರೆ ನಾವು ಹೊರಟುಹೋಗುತ್ತೇವೆ ಎಂದರು. ಅವರ ವಾದಕ್ಕೆ ಒಂದು ದೊಡ್ಡ ಆಸರೆ 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟಿನ ಖಾಸಗಿತನದ ತೀರ್ಪು. ಆ ಅರ್ಜಿ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅದೂ ಎಂಬತ್ತೈದು ದಾಟಿದ ಮೇಲೆ.

"ಪೊಲೀಸರಿಗೆ ಮಾತ್ರ ಗೊತ್ತಿರೋ ಒಂದು ಹಿಂಬಾಗಿಲು ಇಟ್ಟರೆ ಆಯ್ತಲ್ಲ?" ಅಂತಲೂ ಕೇಳುತ್ತಾರೆ. ಅಮೆರಿಕದಲ್ಲಿ 1994ರ ಒಂದು ಕಾನೂನಿನ ಪ್ರಕಾರ ಫೋನ್ ಕಂಪನಿಗಳು ಕದ್ದಾಲಿಕೆಗೆ ಅನುಕೂಲ ಮಾಡಿಕೊಡಬೇಕು. ಕೋರ್ಟ್ ಆದೇಶ ಇದ್ದರೆ ಮಾತ್ರ ತೆರೆಯುವ ಬಾಗಿಲು ಅದು. 2024ರಲ್ಲಿ ಬಯಲಾದ ಸಂಗತಿ ಏನೆಂದರೆ, ಸಾಲ್ಟ್ ಟೈಫೂನ್ ಎಂಬ ಚೀನಾದ ಹ್ಯಾಕರ್ ಗುಂಪು ಅಲ್ಲಿನ ದೊಡ್ಡ ಫೋನ್ ಕಂಪನಿಗಳೊಳಗೆ ನುಗ್ಗಿ ಈ ಕದ್ದಾಲಿಕೆ ವ್ಯವಸ್ಥೆಗೂ ಕೈ ಹಾಕಿತ್ತು. ಆಮೇಲೆ ಅಲ್ಲಿನ ಅಧಿಕಾರಿಗಳೇ ಜನರಿಗೆ ಎನ್‌ಕ್ರಿಪ್ಟ್ ಆದ ಆ್ಯಪ್ ಬಳಸಿ ಎಂದು ಸಲಹೆ ಕೊಟ್ಟರು.

ನಮ್ಮಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಒಂದು ಕರಡು ನೀತಿ ಬಂದಿತ್ತು, ನೆನಪಿದೆಯಾ? ಎನ್‌ಕ್ರಿಪ್ಟ್ ಮಾಡಿ ಕಳಿಸಿದ್ದರ ಬಿಚ್ಚಿದ ಪ್ರತಿಯನ್ನು ಜನರೇ 90 ದಿನ ಇಟ್ಟುಕೊಂಡು, ಕೇಳಿದಾಗ ಕೊಡಬೇಕು ಅಂತ. ಗಲಾಟೆಯಾಗಿ ಕೆಲವೇ ದಿನಗಳಲ್ಲಿ ವಾಪಸ್ ಪಡೆದರು. ಆಗ ನನ್ನ ಕಕ್ಷಿದಾರರೊಬ್ಬರು, ಮೆಸೇಜುಗಳನ್ನು ಪ್ರಿಂಟ್ ತೆಗೆದು ಬೈಂಡ್ ಮಾಡಿಸಬೇಕಾ ಅಂತ ಗಂಭೀರವಾಗಿ ಕೇಳಿದ್ದರು.

ಪೊಲೀಸರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಎಂಬ ವದಂತಿ ನಂಬಿ ಜನ ಒಬ್ಬ ಯುವಕನನ್ನು ಹೊಡೆದು ಕೊಂದರು. ಆ ಹೊತ್ತಿನಲ್ಲಿ ದೇಶದಲ್ಲೆಲ್ಲ ಇಂಥವೇ ನಡೆಯುತ್ತಿದ್ದವು. ಮೊದಲು ಕಳಿಸಿದವರನ್ನು ಹಿಡಿಯಬೇಕು ಎಂಬ ಹಟ ಬಲವಾದದ್ದು ಆಗಲೇ. ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಯ ನನ್ನ ಪರಿಚಯದ ಇನ್‌ಸ್ಪೆಕ್ಟರೊಬ್ಬರು ಒಮ್ಮೆ ಚಹಾ ಕುಡಿಯುತ್ತಾ, "ಒಂದು ಮಗುವಿನ ವಿಡಿಯೊ ಕೇಸಿತ್ತು, ಬೀಗ ನೋಡ್ಕೊಂಡು ಕೂರೋ ಹಾಗಾಯ್ತು" ಅಂದರು. ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಆ ಕೇಸೂ ಕೊನೆಗೆ ಬಗೆಹರಿದದ್ದು ಒಂದು ತುದಿಯ ಫೋನ್ ಸಿಕ್ಕ ಮೇಲೆ, ಮತ್ತು ಯಾವ ನಂಬರು ಯಾವಾಗ ಎಲ್ಲಿಂದ ಲಾಗಿನ್ ಆಯ್ತು ಎಂಬ ಮಾಹಿತಿ ಬಂದ ಮೇಲೆ. ಆ ಬಗೆಯ ಹೊರಗಿನ ವಿವರ ಕಂಪನಿಗಳ ಬಳಿ ಇರುತ್ತದೆ, ಸರಿಯಾಗಿ ಕೇಳಿದರೆ ಕೊಡುತ್ತಾರೆ. ಬೀಗ ಹಾಗೇ ಇದ್ದರೂ ಮಾಡುವ ಕೆಲಸ ಬೇಕಾದಷ್ಟಿದೆ. ಅದಕ್ಕೆ ಜನ ಬೇಕು, ತರಬೇತಿ ಬೇಕು, ಎಫ್‌ಎಸ್‌ಎಲ್ ರಿಪೋರ್ಟು ಬೇಗ ಬರಬೇಕು. ಇದು ನನ್ನ ಅಭಿಪ್ರಾಯ, ನಾಳೆ ಕೋರ್ಟು ಬೇರೆ ಹೇಳಿದರೆ ತಲೆಬಾಗುತ್ತೇನೆ.

ಕೊಬ್ಬರಿ ವ್ಯಾಪಾರಿಗಳ ಕೇಸು ನಡೀತಾ ಇದೆ. ಮೊನ್ನೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ದರು. ಪಿನ್ ಬದಲಾಯಿಸಿದ್ದಾರಂತೆ, ಚೀಟಿ ಹರಿದು ಹಾಕಿದ್ದಾರಂತೆ. ಭೇಷ್ ಅಂದೆ.

"ಹೊಸದು ಮರೆತುಹೋದರೆ ಕಷ್ಟ ಅಂತ ನಿಮಗೆ ವಾಟ್ಸ್ಯಾಪಲ್ಲಿ ಕಳಿಸಿದೀನಿ ಸಾರ್" ಎಂದರು. "ಭದ್ರವಾಗಿ ಇಟ್ಟುಕೊಂಡಿರಿ."